ಪಂಚೆ, ಪ್ಯಾಂಟು, ಎಮ್ಮೆ

(ದಾವಣಗೆರೆಯ ಒಂದು ಮಂಡಕ್ಕಿ ಅಂಗಡಿ. ಹರಿಹರದ ಬಸಪ್ಪ, ಪಂಚೆ, ಹೆಗಲ ಮೇಲೆ ಟವೆಲ್ಲು. ಎದುರಿಗೆ ತಂಗಿ ಮಗ ಮಂಜ. ನಡುವೆ ನರ್ಗಿಸ್ ಮಂಡಕ್ಕಿ, ಮಿರ್ಚಿ.)

ಮಂಜ: ಯಾಕ್ ಮಾವ, ಮಿರ್ಚಿಗಿಂತ ನೀವೇ ಬಿಸಿ ಇದ್ದೀರಲ್ಲ?

ಬಸಪ್ಪ: ಬಟ್ಟೆ ಅಂಗಡಿಗೆ ಹೋಗಿದ್ದೆ ಕಣೋ. ಬಾಗಿಲಲ್ಲಿ ನಿಂತೋನು ನನ್ನ ಪಂಚೆನ ಮೇಲಿಂದ ಕೆಳಗೆ ಎರಡು ಸಲ ನೋಡ್ದ. 'ಇದು ಮಾರಾಟಕ್ಕಿಲ್ಲಪ್ಪ' ಅಂದೆ.

ಮಂಜ: ಒಳಗೆ ಬಿಟ್ನಲ್ಲ?

ಬಸಪ್ಪ: ಬಿಡ್ದೆ ಏನ್ ಮಾಡ್ತಾನೆ? 2024ರ ಜುಲೈ ಮರೆತ್ಯಾ? ನಮ್ಮ ಪಕ್ಕದ ಹಾವೇರಿ ರೈತರು ಮಗನ ಜೊತೆ ಬೆಂಗಳೂರಲ್ಲಿ ಸಿನಿಮಾಕ್ಕೆ ಹೋದ್ರೆ, ಟಿಕೆಟ್ ಇದ್ರೂ ಪಂಚೆ ಅಂತ ಮಾಲ್ ಒಳಗೆ ಬಿಡ್ಲಿಲ್ಲ. ವಿಧಾನಸಭೇಲೇ ಗಲಾಟೆ ಎದ್ದು, ಸರ್ಕಾರ 7 ದಿನ ಮಾಲ್ ಬಾಗಿಲು ಹಾಕಿಸ್ತು!

ಮಂಜ: ಅದೇ ವರ್ಷ ಫೆಬ್ರವರೀಲಿ ರಾಜಾಜಿನಗರ ಮೆಟ್ರೋದಲ್ಲೂ ಬಟ್ಟೆ ಕೊಳೆ ಅಂತ ಒಬ್ಬ ರೈತರನ್ನ ತಡೆದ್ರು. ತಡೆದೋನ ಕೆಲಸ ಹೋಯ್ತು.

ಬಸಪ್ಪ: ನಮ್ಮ ಹರಿಹರೇಶ್ವರ ಬಂದಿದ್ರೆ? ಅರ್ಧ ಮೈ ವಿಷ್ಣು, ಅರ್ಧ ಶಿವ. ಪೀತಾಂಬರದ ಕಡೆ ಒಳಗೆ ಬಾ, ಹುಲಿ ಚರ್ಮದ ಕಡೆ ಹೊರಗೆ ನಿಂತ್ಕ ಅಂತಿದ್ರೇನೋ!

ಮಂಜ: ಅದ್ಸರಿ, ಎಮ್ಮೆ ಹೆಂಗೈತೆ?

ಬಸಪ್ಪ: ಮೇವೇ ಮುಟ್ತಿಲ್ಲ. ಬೆಳಗ್ಗೆ ಡಾಕ್ಟ್ರು ಬರ್ತೀನಿ ಅಂದೋರು ಬರ್ಲೇ ಇಲ್ಲ. ಬದಲಿಗೆ ಯಾವನೋ ಬಂದಿದ್ದ. ಮಂಡಿ ಹತ್ರ ಹರಕು ಪ್ಯಾಂಟು, ಕಿವೀಲಿ ಓಲೆ, ತಲೆ ಒಂದ್ಕಡೆ ಬೋಳು. ಚಂದಾ ಕೇಳೋನು ಅಂತ ಗೇಟಲ್ಲೇ 'ಮುಂದಕ್ ಹೋಗಪ್ಪ' ಅಂದೆ.

ಮಂಜ: ಕೆಂಪು ಬೈಕು? ಹಿಂದೆ ಒಂದು ಪೆಟ್ಟಿಗೆ?

ಬಸಪ್ಪ: ಹ್ಞೂಂ. ನಿನಗೆಂಗೊತ್ತು?

ಮಂಜ: ಹೊಸ ದನದ ಡಾಕ್ಟ್ರು ಅವರೇ ಮಾವ. ನಾನೇ ಕಳಿಸಿದ್ದು!

(ಬಾಯಿಗೆ ಹೊರಟಿದ್ದ ಮಿರ್ಚಿ ತಟ್ಟೆಗೆ ವಾಪಸ್.)

ಬಸಪ್ಪ: ಡಾಕ್ಟ್ರು ಅಂದ್ಮೇಲೆ ಡಾಕ್ಟ್ರು ಥರ ಬರಬೇಕಪ್ಪ!

ಮಂಜ: ಮಾಲ್ ಬಾಗಿಲಲ್ಲಿ ನಡೆದಿದ್ದೂ ಇದೇ ಅಲ್ವಾ? ಇಸ್ತ್ರಿ ಪ್ಯಾಂಟ್ ಹಾಕ್ಕೊಂಡು ಬಂದ್ರಷ್ಟೇ ಸೂಜಿ ಚುಚ್ಚಿಸ್ಕೊಳ್ತೀನಿ ಅಂತ ನಿಮ್ಮ ಎಮ್ಮೆ ಏನಾದ್ರೂ ಹೇಳಿತ್ತಾ?

ಬಸಪ್ಪ: ಈಗೇನ್ ಮಾಡೋದ್ಲೇ?

ಮಂಜ: ಸರ್ಕಾರದ ಲೆಕ್ಕದಲ್ಲಿ ನಿಮ್ಮ ಮನೆಗೂ 7 ದಿನ ಬೀಗ. ಅದಕ್ಕೆ ಮುಂಚೆ ಫೋನ್ ಹಚ್ಚಿ, ತಪ್ಪಾಯ್ತು ಅನ್ನಿ.

ಬಸಪ್ಪ: (ಫೋನಿನಲ್ಲಿ) ಸಾರ್, ಬೆಳಗ್ಗೆ ಗೇಟ್ ಹತ್ರ... ಹ್ಞಾಂ... ಹ್ಞಾಂ... (ಇಟ್ಟು) ಸಂಜೆ ಬರ್ತಾರಂತೆ. ಯಾವ ಪ್ಯಾಂಟ್ ಹಾಕ್ಕೊಂಡು ಬಂದ್ರೆ ಒಳಗೆ ಬಿಡ್ತೀರಿ ಅಂತ ಕೇಳ್ತಾರೆ ಕಣೋ!

ಮಂಜ: ನೀವೇನಂದ್ರಿ?

ಬಸಪ್ಪ: ಏನಾದ್ರೂ ಹಾಕ್ಕೊಂಡ್ ಬರ್ರಿ, ಸೂಜಿ ಮರೀಬ್ಯಾಡ್ರಿ ಅಂದೆ. ದುಡ್ಡು ಕೊಟ್ಟು ಬಾ, ಹರಿಹರದ ಬಸ್ ಹೊರಡ್ತೈತೆ.