ಫ್ರೀ ಡೆಲಿವರಿ

ದಿನಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಅಮೆಜಾನ್ ಪ್ರೈಮಿನ ವರ್ಷದ ಚಂದಾವನ್ನು ನಾನು ಮನೆಯಲ್ಲಿ ಒಪ್ಪಿಸುವುದು ಹೀಗೆ. 2016ರಲ್ಲಿ ಶುರುವಿನ ಕೊಡುಗೆ 499 ಇತ್ತು, ಆಮೇಲೆ 999, 2021ರ ಡಿಸೆಂಬರಿನಲ್ಲಿ 1,499. ಶಿಡ್ಲಘಟ್ಟದಲ್ಲಿ ನಾಲ್ಕು ರೂಪಾಯಿಗೆ ಟೀ ಕೂಡ ಬರಲ್ಲ ಕಣೇ ಎಂದರೆ ಹೆಂಡತಿ, "ಟೀ ಕುಡಿದ್ರೆ ಖರ್ಚು ಮುಗೀತು. ಇದು ಕಟ್ಟಿದ ಮೇಲೇ ಶುರುವಾಗೋದು" ಎನ್ನುತ್ತಾಳೆ.

ಡೆಲಿವರಿ ಫ್ರೀ ಎಂದ ಮೇಲೆ ತರಿಸದಿದ್ದರೆ ನಷ್ಟ ಯಾರಿಗೆ? ಅದಕ್ಕೇ ಉಗುರು ಕತ್ತರಿ ಒಂದು ಸಲ, ಬಾಚಣಿಗೆ ಇನ್ನೊಂದು ಸಲ, ಬಟ್ಟೆ ಕ್ಲಿಪ್ಪು ಮತ್ತೊಂದು ಸಲ. ಎಲ್ಲ ಒಟ್ಟಿಗೆ ತರಿಸಿದರೆ ಫ್ರೀ ಒಂದೇ ಸಲಕ್ಕೆ ಮುಗಿದುಹೋಗುತ್ತದೆ.

ಆದರೆ ನಮ್ಮ ಗಲ್ಲಿಯಲ್ಲಿ ಒಂದನೇ ನಂಬರಿನ ಮನೆಯ ಪಕ್ಕ ಎರಡನೆಯದು ಇರಲೇಬೇಕೆಂಬ ಕಟ್ಟಳೆಯಿಲ್ಲ. ಡೆಲಿವರಿ ಹುಡುಗ, ಪಾಪ, ಸುತ್ತಿ ಸುತ್ತಿ ಕೊನೆಗೆ ಪಾರ್ಸೆಲ್ಲನ್ನು ಮೂಲೆಯ ಶೆಟ್ಟರ ಅಂಗಡಿಯಲ್ಲಿ ಕೊಟ್ಟು ಫೋನ್ ಮಾಡುತ್ತಾನೆ. ಉಗುರು ಕತ್ತರಿ, ಬಾಚಣಿಗೆ, ಕ್ಲಿಪ್ಪುಗಳನ್ನೇ ಮಾರುವ ಶೆಟ್ಟರು!

ನಾನು ಹೋಗುವ ಹೊತ್ತಿಗೆ ಅಲ್ಲಿ ಗಿರಾಕಿಗಳು ಇರಲೇಬೇಕು. ಶೆಟ್ಟರು ಪ್ಯಾಕೆಟ್ಟನ್ನು ಸುಮ್ಮನೆ ಕೊಡುವವರಲ್ಲ. ಮೊದಲು ಅಂಗೈಯಲ್ಲಿ ತೂಗುತ್ತಾರೆ. ಆಮೇಲೆ, ಗೂಡಿನ ಮಾರ್ಕೆಟ್ಟಿನಲ್ಲಿ ರೀಲರ್‌ಗಳು ರೇಷ್ಮೆಗೂಡು ಪರೀಕ್ಷಿಸುವ ಹಾಗೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಎಣ್ಣೆಗೆ ಬಂದ ಅಜ್ಜಿ ಎಣ್ಣೆ ಮರೆತು ನಿಲ್ಲುತ್ತಾಳೆ. ಇನ್ನೊಂದು ಸಲ ಅಲ್ಲಾಟ. "ಕಬ್ಬಿಣದ್ದು... ಸಣ್ಣದು... ಉಗುರು ಕತ್ತರೀನಾ ಸಾರ್?" ನಾನು ತಲೆಯಾಡಿಸುತ್ತೇನೆ. ಅವರು ಗೋಡೆಗೆ ನೇತುಹಾಕಿದ ರಟ್ಟಿನಿಂದ ಒಂದನ್ನು ಕಿತ್ತು ಪ್ಯಾಕೆಟ್ಟಿನ ಪಕ್ಕ ಇಟ್ಟು, ಬೇಜಾರಿನ ಸುಳಿವೂ ಇಲ್ಲದ ದನಿಯಲ್ಲಿ, "ಇದೂ ಅದೇ ಐತೆ. ಇಪ್ಪತ್ತು ರೂಪಾಯಿ" ಎನ್ನುತ್ತಾರೆ. ನನ್ನದು ತೊಂಬತ್ತೊಂಬತ್ತು. ಡೆಲಿವರಿ ಮಾತ್ರ ಫ್ರೀ.

ಅದೇ ಚಂದಾದಲ್ಲಿ ಸಿನಿಮಾನೂ ಉಂಟಲ್ಲ ಎಂಬ ಸಮಾಧಾನ ಇತ್ತು. 'ಯುವರತ್ನ' ಥಿಯೇಟರಿಗೆ ಬಂದು ಎರಡನೇ ವಾರಕ್ಕೇ ಮೊಬೈಲಿಗೆ ಬಂದಾಗ ಚಂದಾ ವಸೂಲಾಯಿತೆಂದು ಬೀಗಿದ್ದೆ. ಮರುವರ್ಷ 'ಕೆಜಿಎಫ್ 2' ಮೊದಲು ಬಂದದ್ದು 199 ರೂಪಾಯಿ ಬಾಡಿಗೆಗೆ, ಚಂದಾದಾರರಿಗೂ. 2025ರ ಜೂನ್‌ನಿಂದ ನಡುನಡುವೆ ಜಾಹೀರಾತು. ಬೇಡವೆಂದರೆ ವರ್ಷಕ್ಕೆ ಇನ್ನೂ 699. ದೂರದರ್ಶನದವರು ಪಾಪ, ಜಾಹೀರಾತನ್ನು ಪುಕ್ಕಟೆ ತೋರಿಸುತ್ತಿದ್ದರು.

ಶೆಟ್ಟರಿಗೆ ಮಾತ್ರ ನಾನು ಯಾವ ಚಂದಾವನ್ನೂ ಕಟ್ಟಿಲ್ಲ. ಲಾಕ್‌ಡೌನಿನಲ್ಲಿ ಅರ್ಧ ಶಟರ್ ಎತ್ತಿ ಅಕ್ಕಿ ಬೇಳೆ ಕೊಟ್ಟು, "ಆಮೇಲೆ ಕೊಡಿ ಸಾರ್" ಎಂದು ಪುಸ್ತಕದಲ್ಲಿ ಬರೆದುಕೊಂಡವರು ಅವರು. ಆ ತಿಂಗಳು ನನಗೆ ಸಂಬಳವೂ ಅರ್ಧವೇ ಬಂದಿತ್ತು.

ಇದೆಲ್ಲ ನೆನೆದು, ಈ ಸಲ ರಿನ್ಯೂ ಮಾಡಿಸುವುದಿಲ್ಲ ಎಂದು ಅವರ ಮುಂದೆ ಧೀರನಂತೆ ಘೋಷಿಸಿದೆ. ಶೆಟ್ಟರು ಗಾಬರಿಯಾದರು. "ಬ್ಯಾಡ ಸಾರ್, ಕಟ್ಬಿಡಿ. ಪಾರ್ಸೆಲ್ ತಗೊಳ್ಳೋಕೆ ಬಂದೋರು ಬರಿಗೈಲಿ ಹೋಗಲ್ಲ. ನೀವೂ ಅಷ್ಟೇ, ಬಂದಾಗೆಲ್ಲ ಸೋಪೋ ಬಿಸ್ಕೆಟ್ಟೋ ಒಯ್ತೀರಿ. ಈ ಗಲ್ಲೀಲಿ ನನ್ನ ಅರ್ಧ ವ್ಯಾಪಾರ ಅದರಿಂದಲೇ ನಡೀತೈತೆ."

ಅಲ್ಲೇ ನಿಂತು ಕಟ್ಟಿದೆ. ಒಂದು ಸೋಪನ್ನೂ ತೆಗೆದುಕೊಂಡೆ.