ಸುಂಕದವರ ಸನ್ನಿಧಿಗೊಂದು ಸುಖದುಃಖದ ಬಿನ್ನವತ್ತಳೆ

ಸಕಲ ಬಂದರುಗಳ ಅಧೀಶ್ವರರೂ ನಿಷೇಧಾಜ್ಞಾವಿಶಾರದರೂ ಆದ ಸುಂಕದವರ ಸನ್ನಿಧಾನಕ್ಕೆ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಒಕ್ಕಲುಗಳು ಮಾಡುವ ಬಿನ್ನಹಗಳು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಹಿರಿಯರು ಎಚ್ಚರಿಸಿದ್ದರೂ, ಗಡಿಯ ವಿಷಯದಲ್ಲಿ ನಮಗೂ ತಮಗೂ ಹಳೆಯ ನಂಟಿರುವುದರಿಂದ ಈ ಧಾರ್ಷ್ಟ್ಯವನ್ನು ಮಾಡುತ್ತಿದ್ದೇವೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೂ, ಮಗ್ಗುಲಿನ ಯಳಂದೂರು ಮೈಸೂರಿಗೂ ಸೇರಿದ್ದುವು. ಒಂದೇ ಮಾತನಾಡಿ ಒಂದೇ ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವ ಜನರ ನಡುವೆ ಗೆರೆಯೆಳೆಯುವ ವಿದ್ಯೆ ಎಷ್ಟು ಘನವಾದುದೆಂಬುದನ್ನು ನಾವು ಬಲ್ಲೆವು.

ಆ ವಿದ್ಯೆಯ ಪರಾಕಾಷ್ಠೆಯನ್ನು ಕಂಡದ್ದು ಮಾತ್ರ 2020ರಲ್ಲಿ, ಕೋವಿಡ್ ಮಹಾಮಾರಿ ಬಂದಾಗ. ಆ ಏಪ್ರಿಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಎಣಿಸಿದಾಗ, ದೇಶಗಳೂ ಪ್ರತ್ಯೇಕ ಸುಂಕಪ್ರದೇಶಗಳೂ ಸೇರಿ 80 ಕಡೆ ರಫ್ತಿಗೆ, ಬಹುಪಾಲು ವೈದ್ಯಕೀಯ ಸಾಮಗ್ರಿಯ ರಫ್ತಿಗೆ, ತಡೆಯೊಡ್ಡಲ್ಪಟ್ಟಿತ್ತು. ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ: ಜನವರಿ 31ರಂದು ಮುಖಗವಸಿಗೆ, ಮಾರ್ಚ್ 3ರಂದು ಪ್ಯಾರಸಿಟಮಾಲೂ ಸೇರಿ 26 ಔಷಧದ್ರವ್ಯಗಳಿಗೂ ಔಷಧಗಳಿಗೂ, 25ರಂದು ಹೈಡ್ರಾಕ್ಸಿಕ್ಲೋರೋಕ್ವಿನ್ನಿಗೆ ಅಡ್ಡಗಟ್ಟೆ ಕಟ್ಟಿತು. ಈ ಕೊನೆಯದು ಅಮೆರಿಕೆಯ ಅಧ್ಯಕ್ಷರು ಹುಬ್ಬು ಗಂಟಿಕ್ಕಿದೊಡನೆ ಎರಡು ವಾರಗಳೊಳಗೆ ಸಡಿಲವಾಯಿತು. ಅದೇ ಅಮೆರಿಕೆ ಮರುವರ್ಷ ಲಸಿಕೆಯ ಕಚ್ಚಾಸಾಮಗ್ರಿಯನ್ನು ಬಿಗಿಹಿಡಿದಾಗ, ಪುಣೆಯ ಸೀರಂ ಸಂಸ್ಥೆಯ ಒಡೆಯರು ತಡೆ ತೆಗೆಯಿರೆಂದು ಅಲ್ಲಿನ ಅಧ್ಯಕ್ಷರಿಗೆ ಬಹಿರಂಗವಾಗಿ ಮೊರೆಯಿಡಬೇಕಾಯಿತು. ಜಗತ್ತಿಗೆ ಮಾತ್ರೆ ಒದಗಿಸುವ ನಾವು ಮಾತ್ರೆಯ ಮೂಲದ್ರವ್ಯಕ್ಕೆ ಬಹುಪಾಲು ಚೀನಾವನ್ನೇ ನೆಚ್ಚಿರುವವರು. ಎಲ್ಲರೂ ತಂತಮ್ಮ ಬಾಗಿಲು ಹಾಕಿಕೊಂಡರೆ ಒಳಗಿರುವವರಿಗೂ ಔಷಧವಿಲ್ಲವೆಂಬ ಈ ಸೂಕ್ಷ್ಮವು ತಮ್ಮ ಕಡತಗಳಲ್ಲಿ ಎಲ್ಲಿಯೋ ಇದ್ದೇ ಇರಬೇಕು.

ಒಳಬರುವ ಬಾಗಿಲಿನಲ್ಲಿಯೂ ತಮ್ಮ ಜಾಗರೂಕತೆ ಕುಂದಲಿಲ್ಲ. ಸ್ವಂತ ಬಳಕೆಗೆಂದು ವಿದೇಶದಿಂದ ತರಿಸಿಕೊಂಡ ಆಮ್ಲಜನಕ ಯಂತ್ರಕ್ಕೆ ಶೇಕಡಾ 28ರಷ್ಟಿದ್ದ ತೆರಿಗೆಯನ್ನು, 2021ರ ಮೇ 1ರಂದು ಔದಾರ್ಯವಶರಾಗಿ ಶೇಕಡಾ 12ಕ್ಕೆ ಇಳಿಸಿದಿರಿ. ಆ ತೆರಿಗೆಯೇ ಸಂವಿಧಾನಬಾಹಿರವೆಂದು ದೆಹಲಿಯ ಉಚ್ಚ ನ್ಯಾಯಾಲಯ ಹೇಳಿದರೆ, ಸರ್ವೋಚ್ಚ ನ್ಯಾಯಾಲಯದಿಂದ ಆ ತೀರ್ಪಿಗೇ ತಡೆಯಾಜ್ಞೆ ತಂದಿರಿ!

ಅದೇ ಮೇ 2ರ ರಾತ್ರಿ ಕಳೆದು 3ರ ಬೆಳಗಾಗುವ ಹೊತ್ತಿಗೆ, ಹನೂರಿನ ಕಾಡಂಚಿನಿಂದಲೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದಲೂ ಕಷ್ಟಕಾಲಕ್ಕೆ ಜನ ನೆಚ್ಚಬೇಕಾದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ, ಮೈಸೂರಿನಿಂದ ತುಂಬಿಬರಬೇಕಾಗಿದ್ದ ಸಿಲಿಂಡರುಗಳು ವೇಳೆಗೆ ಬಾರದಿದ್ದಾಗ, ಒಂದು ದಿನದೊಳಗೆ 24 ಮಂದಿ ತೀರಿಕೊಂಡರು. ಆಮ್ಲಜನಕವಿಲ್ಲದೆ ಸತ್ತವರು ಮೂವರೆಂದು ಸರ್ಕಾರ ಮೊದಲು ಲೆಕ್ಕ ಕೊಟ್ಟಿತು. ರಾಜ್ಯದ ಉಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಆ ಲೆಕ್ಕವನ್ನು ಒಪ್ಪಲಿಲ್ಲ. ಮೈಸೂರಿನವರೇ ತಡೆದರೆಂಬ ದೂರೂ ಎದ್ದಿತು. ಅದಕ್ಕೆ ಸಾಕ್ಷ್ಯವಿಲ್ಲವೆಂದು ಅದೇ ಸಮಿತಿ ಹೇಳಿತು.

ಗಮನಿಸಬೇಕು ಸ್ವಾಮಿ, ಆ ದಾರಿಯಲ್ಲಿ ತಮ್ಮ ಕಟ್ಟೆ ಇರಲಿಲ್ಲ. ಆಮ್ಲಜನಕದ ಅಂತರರಾಜ್ಯ ಸಂಚಾರಕ್ಕೆ ಯಾವ ನಿರ್ಬಂಧವೂ ಕೂಡದೆಂದು ಏಪ್ರಿಲ್ 22ರಂದೇ ಕೇಂದ್ರ ಗೃಹ ಸಚಿವಾಲಯ ಆಜ್ಞಾಪಿಸಿತ್ತು. ಹಾಗಿದ್ದೂ ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಗಡಿಯ ಗುಮಾನಿ ಹುಟ್ಟಿತಲ್ಲ, ತಮ್ಮ ಪಾಠಶಾಲೆಯ ಕೀರ್ತಿ ಅಷ್ಟು ದೂರ ಹಬ್ಬಿದೆ. ರಾಜ್ಯಕ್ಕೆ ದಿನಕ್ಕೆ 965 ಟನ್ ಸಾಲದು, 1200 ಕೊಡಿರೆಂದು ಮೇ 5ರಂದು ಉಚ್ಚ ನ್ಯಾಯಾಲಯ ಆದೇಶಿಸಿದರೆ, ಕೇಂದ್ರವು ಅದರ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಗೆಲ್ಲಲಿಲ್ಲವೆಂಬುದು ನಮ್ಮ ಪುಣ್ಯ.

ಮುಂದಿನ ಮಹಾಮಾರಿಗೂ ತಾವು ನಿಷೇಧಾಜ್ಞೆ ಹೊರಡಿಸುವುದು ಖಂಡಿತವಷ್ಟೆ. ಆದಕಾರಣ ನಮ್ಮ ಬೇಡಿಕೆ ಚಿಕ್ಕದು. ಪ್ರತಿಯೊಂದು ನಿಷೇಧದ ಕೆಳಗೂ ಅದು ಮುಗಿಯುವ ದಿನವನ್ನು ಬರೆಯಿರಿ. ಮುದ್ರೆಯೊತ್ತುವ ಮುನ್ನ, ಸಾಲಿನ ಕಟ್ಟಕಡೆಯ ಜಿಲ್ಲಾಸ್ಪತ್ರೆಯ ದಾಸ್ತಾನಿನಲ್ಲಿ ಎಷ್ಟು ತಾಸಿನ ಆಮ್ಲಜನಕ ಉಳಿದಿದೆಯೆಂದು ಫೋನು ಮಾಡಿ ಕೇಳಿರಿ.