ನಾವಿಬ್ಬರು ಮತ್ತು ಒಂದು ಬಕ

ಮಾಲ್ದೀವ್ಸ್‌ನ ರೆಸಾರ್ಟುಗಳಲ್ಲಿ ಮೂರನೆಯ ಕುರ್ಚಿ ಅಂತ ಇರುವುದಿಲ್ಲ. ಸಮುದ್ರಕ್ಕೆ ಮುಖಮಾಡಿ ಎರಡು ಆರಾಮಕುರ್ಚಿ, ಎರಡು ದಿಂಬು, ಎರಡು ಲೋಟ, ಒಂದೇ ಎಳನೀರಿಗೆ ಎರಡು ಸ್ಟ್ರಾ. ಸುಮಾರು 1,200 ಹವಳದ ದ್ವೀಪಗಳಿರುವ ಈ ದೇಶದಲ್ಲಿ ಮೊದಲ ರೆಸಾರ್ಟು ತೆರೆದದ್ದು 1972ರಲ್ಲಿ. ಆಮೇಲೆ ಬಹುಮಟ್ಟಿಗೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ಅನ್ನುವ ಲೆಕ್ಕ. ಊರಿಲ್ಲ, ಸಂತೆಯಿಲ್ಲ, ಬಸ್‌ಸ್ಟ್ಯಾಂಡಿಲ್ಲ, ಬೀದಿನಾಯಿ ಕೂಡ ಇಲ್ಲ. ಗಂಡ, ಹೆಂಡತಿ, ನೀರು. ಹೊಸದಾಗಿ ಮದುವೆಯಾದವರಿಗೆ ಇನ್ನೇನು ಬೇಕು? ಫಜೀತಿಯೆಲ್ಲ ನಮ್ಮಂಥವರದು.

ನಮ್ಮ ದಾಂಪತ್ಯ ನಿಂತಿರುವುದೇ ಮೂರನೆಯವರ ಮೇಲೆ. ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಎದುರುಮನೆಯ ಸೊಸೆ ಬರುತ್ತಾಳೆ, ಅಂದರೆ ಮಾತಿನಲ್ಲಿ. ತಿಂಡಿಗೆ, ಹೇಳದೆ ಕೇಳದೆ ರಜ ಹಾಕಿದ ಕೆಲಸದಾಕೆ. ಊಟಕ್ಕೆ ನನ್ನ ತಮ್ಮ ಮತ್ತು ಅವನು ಮಾರಿದ ಸೈಟು. ರಾತ್ರಿ ಹಾಲು ಕುಡಿಯುವಾಗ ನನ್ನ ಷಡ್ಡಕ. ಇಷ್ಟು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಿದ್ದು ಕಡಿಮೆ. ಇಬ್ಬರೂ ಒಂದೇ ಕಡೆ ನಿಂತು ಇನ್ನೊಬ್ಬರತ್ತ ನೋಡಿ ಆಡಿದ ಮಾತೇ ಹೆಚ್ಚು. ಇದನ್ನು ಪ್ರೀತಿ ಅಲ್ಲ ಅನ್ನುವವರು ಸಂಸಾರ ಮಾಡಿ ನೋಡಲಿ. "ಯಾರ ತಂಟೆಯೂ ಇಲ್ಲದೆ ನೀವಿಬ್ಬರೇ ಆರಾಮಾಗಿ ಇದ್ದು ಬನ್ನಿ" ಎಂದು ಮಗಳು ದುಡ್ಡು ಕಟ್ಟಿ ಟಿಕೆಟ್ ಕಳಿಸಿದಳು. ಯಾರ ತಂಟೆಯೂ ಇಲ್ಲದಿದ್ದರೆ ಮಾತಾಡುವುದೇನು ಎಂದು ಅವಳಿಗಾದರೂ ಹೇಗೆ ಹೊಳೆಯಬೇಕು, ಇನ್ನೂ ಚಿಕ್ಕವಳು.

ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಎರಡು ಗಂಟೆಯ ಹಾದಿ. ಪೂಜೆಯ ವಿಗ್ರಹಗಳನ್ನು ಆ ದೇಶಕ್ಕೆ ಒಯ್ಯಬಾರದೆಂದು ಕಸ್ಟಮ್ಸ್ ನಿಯಮವಿದೆ. ಹಾಗಾಗಿ ನನ್ನವಳು ಬೆಳ್ಳಿಯ ಗಣಪನನ್ನು ಎದುರುಮನೆಗೆ, ಅದೇ ಸೊಸೆಯ ಕೈಗೆ, ಒಪ್ಪಿಸಿ ಬಂದಳು. "ಸೂರ್ಯನಾರಾಯಣ ಅಲ್ಲಿಗೆ ತಾನಾಗೇ ಬರ್ತಾನೆ, ಅವನನ್ನ ಯಾವ ಕಸ್ಟಮ್ಸ್‌ನೋರು ತಡೀತಾರೆ?" ಪೆಟ್ಟಿಗೆಯಲ್ಲಿ ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದ್ದವು. ಅದಕ್ಕೆ ಯಾರ ತಕರಾರೂ ಬರಲಿಲ್ಲ.

ಮಾಲೆಯಿಂದ ಸೀಪ್ಲೇನ್. ಹದಿನೈದು ಜನ ಕೂರುವ ಪುಟ್ಟ ವಿಮಾನ, ನೀರಿನ ಮೇಲಿಂದಲೇ ಏಳುತ್ತದೆ, ನೀರಿನ ಮೇಲೆಯೇ ಇಳಿಯುತ್ತದೆ. ಹಗಲಲ್ಲಿ ಮಾತ್ರ ಓಡಾಟ. ಪೈಲಟ್ಟುಗಳಿಬ್ಬರೂ ಬರಿಗಾಲಲ್ಲಿದ್ದರು. ಕಾಲಿಗೆ ಶೂ ಕೂಡ ಇಲ್ಲದವರ ಕೈಗೆ ಪ್ರಾಣ ಕೊಡುವುದೇ ಎಂದು ನನಗೆ ದಿಗಿಲಾಯಿತು. ಅವಳಿಗೆ ಅದೇ ಧೈರ್ಯ: "ಚಪ್ಪಲಿ ಬಿಟ್ಟು ಕೆಲಸ ಮಾಡೋರು ಮೋಸ ಮಾಡಲ್ಲ ಕಣ್ರೀ."

ಇಳಿದ ಕೂಡಲೇ ಗಡಿಯಾರದ ಸಮಸ್ಯೆ. ಮಾಲೆಯ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಸಿಗಲಿ ಎಂದು ಕೆಲವು ರೆಸಾರ್ಟುಗಳು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿಬಿಡುತ್ತವೆ. ನಾವಿದ್ದದ್ದೂ ಅಂಥದರಲ್ಲೇ. ಅಲ್ಲಿಗೆ ಭಾರತದ್ದೊಂದು, ದೇಶದ್ದೊಂದು, ದ್ವೀಪದ್ದೊಂದು, ಒಟ್ಟು ಮೂರು ಸಮಯ.

"ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಯಾವ ಏಳೂವರೆ?" ಎಂದು ನನ್ನವಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ರಿಸೆಪ್ಷನ್ನಿನ ಹುಡುಗನನ್ನು ವಿಚಾರಿಸಿದರೆ, ಬ್ರೇಕ್‌ಫಾಸ್ಟ್ ಏಳರಿಂದ ಹತ್ತೂವರೆಯವರೆಗೆ ಇರುತ್ತದೆ ಸಾರ್, ಗಾಬರಿ ಬೇಡ ಎಂದ.

ರೂಮಿನಲ್ಲಿ ಹಾಸಿಗೆಯ ತುಂಬ ಹೂವಿನ ಪಕಳೆ, ನಡುವೆ ಬಿಳಿ ಟವೆಲ್ಲು ಮಡಿಸಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು. ಹೊಸ ಜೋಡಿ ಬರುತ್ತದೆಂದು ಯಾರೋ ಹುಡುಗ ಶ್ರದ್ಧೆಯಿಂದ ಮಾಡಿಟ್ಟದ್ದು. ಸ್ನಾನಕ್ಕೆ ಹೋಗಲು ನಾನು ಗಂಡು ಹಂಸವನ್ನು ಬಿಚ್ಚಿದೆ. ಉಳಿದದ್ದು ಖಾಲಿ ಜಾಗಕ್ಕೆ ಕೊಕ್ಕು ಚಾಚಿಕೊಂಡು ಕೂತಿತ್ತು. ಆದಿಕವಿ ಪಕ್ಕದ ರೂಮಿನಲ್ಲಿ ಇಳಿದುಕೊಂಡಿದ್ದರೆ ನನಗೊಂದು ಶಾಪ ಗ್ಯಾರಂಟಿ. ಬಚ್ಚಲಿಗೆ ಗೋಡೆಯಿತ್ತು, ಸೂರಿರಲಿಲ್ಲ. ಆಕಾಶದ ಕೆಳಗೆ ಸ್ನಾನ ಅನ್ನುವುದು ಅಲ್ಲಿ ಹೆಚ್ಚಿನ ಅನುಕೂಲವಂತೆ, ಬಾಡಿಗೆಯೂ ಹೆಚ್ಚು. ನನ್ನ ಅಜ್ಜನ ಮನೆಯಲ್ಲಿ ಇಂಥದೇ ಬಚ್ಚಲಿತ್ತು. ಅದಕ್ಕೆ ಸೂರು ಹಾಕಿಸಲು ಅಪ್ಪ ಸಾಲ ಮಾಡಿದ್ದರು.

ಸಂಜೆ ಎರಡು ಕುರ್ಚಿಗಳಲ್ಲಿ ಕೂತೆವು.

"ನೀರು ಎಷ್ಟು ತಿಳಿಯಾಗಿದೆ ನೋಡಿ."

"ಹೌದು."

"ಅಲೆಯೇ ಇಲ್ಲ ಅಲ್ವಾ?"

"ದೂರದಲ್ಲಿ ಹವಳದ ದಿಬ್ಬ ಇದೆಯಂತೆ. ಅಲ್ಲೇ ಒಡೆದುಹೋಗುತ್ತೆ."

"ಓ."

ಸಮುದ್ರದ ವಿಷಯ ಅಲ್ಲಿಗೆ ಮುಗಿಯಿತು. ನಡೆದು ಬರೋಣ ಎಂದು ಎದ್ದೆವು. ಹತ್ತು ನಿಮಿಷಕ್ಕೆಲ್ಲ ನಮ್ಮ ರೂಮೇ ಎದುರಿಗೆ ಬಂದು ನಿಂತಿತು. "ಪ್ರದಕ್ಷಿಣೆ ಆಯ್ತು. ಇನ್ನೇನು?" ಎಂದಳು. ಇನ್ನೇನೂ ಇರಲಿಲ್ಲ. ಮತ್ತೆ ಕೂತೆವು. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ಹಿರಿಯರು ಇಬ್ಬರನ್ನೇ ಮಹಡಿಗೆ ಕಳಿಸಿದ್ದರಲ್ಲ, ಆವತ್ತು ಕೂಡ ಇಷ್ಟು ಮುಜುಗರ ಆಗಿರಲಿಲ್ಲ.

ಆಗ ಬಂದದ್ದು ಬಕ. ಮಾಲ್ದೀವ್ಸ್‌ನ ದಡಗಳಲ್ಲಿ ಬೂದುಬಕಗಳು ಸಾಮಾನ್ಯ. ಸೊಂಟದೆತ್ತರದ ಹಕ್ಕಿ, ಕಣ್ಣಿನ ಮೇಲಿಂದ ಹಿಂದಕ್ಕೆ ಇಳಿದ ಕಪ್ಪು ಜುಟ್ಟು, ಬೂದುಬಣ್ಣದ ಕೋಟು ತೊಟ್ಟ ಗಾಂಭೀರ್ಯ. ನಮ್ಮೆದುರು ಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿತು. ಮೊಳದುದ್ದದ ಶಾರ್ಕ್ ಮರಿಗಳು, ರೆಕ್ಕೆಯ ತುದಿಗೆ ಕಾಡಿಗೆ ಹಚ್ಚಿಕೊಂಡಂಥವು, ಅದರ ಕಾಲಬುಡದಲ್ಲೇ ಸುಳಿದರೂ ಅಲುಗಲಿಲ್ಲ. ನನ್ನವಳು ಕನ್ನಡಕ ಸರಿಮಾಡಿಕೊಂಡಳು.

"ಇವನ ಹೆಂಡತಿ ಎಲ್ಲಿ?"

"ತೌರಿಗೆ ಹೋಗಿರಬೇಕು."

"ಪಾಪ, ಹೇಗೆ ಸೊರಗಿದಾನೆ ನೋಡಿ."

"ಸೊರಗಿಲ್ಲ ಕಣೇ, ಬಕ ಇರೋದೇ ಹಾಗೆ."

"ಸುಮ್ನಿರಿ. ಸೈಟು ಮಾರೋ ಮುಂಚೆ ನಿಮ್ಮ ತಮ್ಮನೂ ಹೀಗೇ ನಿಂತ್ಕೋತಿದ್ದ. ಏನೋ ಯೋಚನೆ ಮಾಡ್ತಿದಾನೆ ಅಂದ್ಕೋಬೇಕು, ನೋಡಿದ್ರೆ ಗಿರಾಕಿ ಕಾಯ್ತಿರೋದು."

ಅಲ್ಲಿಂದ ಮಾತು ಹರಿಯಿತು ನೋಡಿ. ದ್ವೀಪದ ಎಂಟು ಗಂಟೆಗೆ ಊಟಕ್ಕೆ ಕರೆಯಲು ಬಂದವನು ಎರಡು ಸಲ ಕೆಮ್ಮಬೇಕಾಯಿತು.

ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಒಂದು ಬೋಗುಣಿಯ ತುಂಬ ತೆಂಗಿನತುರಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಬೆರೆಸಿದ್ದು ಇತ್ತು. "ಕೋಸಂಬರಿ!" ಎಂದು ಅವಳು ಸೌಟು ಎತ್ತಿದ್ದೇ ತಡ, ಒಲೆಯ ಹಿಂದಿನಿಂದ ಕನ್ನಡ ಬಂತು: "ಅದ್ರೊಳ್ಗೆ ಮೀನ್ ಇತ್ತ್ ಅಮ್ಮ, ಹಾಕ್ಕಂಬೇಡಿ." ಅದು ಮಸ್ ಹುನಿ, ಅಲ್ಲಿಯವರ ಬೆಳಗಿನ ತಿಂಡಿ. ಟ್ಯೂನಾ ಮೀನಿಲ್ಲದೆ ಆಗುವುದಿಲ್ಲ. ಅದನ್ನು ರೊಶಿ ಅನ್ನುವ ರೊಟ್ಟಿಯ ಜೊತೆ ತಿನ್ನುತ್ತಾರೆ. ಎಚ್ಚರಿಸಿದವನು ಕುಂದಾಪುರದ ಕಡೆಯ ಅಡುಗೆಯವನು. ಅವಳ ಜಾತಿ ಉಳಿಯಿತು. ಅದಕ್ಕಿಂತ ದೊಡ್ಡ ಲಾಭವೆಂದರೆ ಅವನಿಗೆ ಒಬ್ಬ ತಂಗಿಯಿದ್ದಳು, ಆ ತಂಗಿಗೆ ಗಂಡು ಗೊತ್ತಾಗಿತ್ತು, ಗಂಡಿನ ಕಡೆಯವರು ದಿನ ಹೇಳದೆ ಆಟವಾಡಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ನಮ್ಮ ತಟ್ಟೆಗೆ ಸಾರು ಬಂತು, ಮಾತಿಗೆ ಗಂಡಿನ ಕಡೆಯವರು ಬಂದರು.

ಆಮೇಲೆ ತಡೆಯಿಲ್ಲ. ನಸುಕಿನಲ್ಲಿ ದಡದ ತರಗೆಲೆ ಗುಡಿಸುವ ಬಾಂಗ್ಲಾದೇಶದ ಮುದುಕನ ಮಂಡಿನೋವು ಅವಳಿಗೆ ಕೈಸನ್ನೆಯಲ್ಲೇ ತಿಳಿಯಿತು. ಮೀನು ತೋರಿಸಲು ಕರೆದೊಯ್ಯುವ ಡೈವಿಂಗ್ ಹುಡುಗಿ ನಮಗೊಂದು ಗುಟ್ಟು ಹೇಳಿದಳು: ಈ ಬೆಳ್ಳಗಿನ ಮರಳಿನಲ್ಲಿ ಬಹುಪಾಲು ಗಿಳಿಮೀನುಗಳ ವಿಸರ್ಜನೆ. ಅವು ಪಾಚಿಗಾಗಿ ಹವಳವನ್ನು ಕಚ್ಚಿ, ಗಂಟಲಿನ ಹಲ್ಲಿನಲ್ಲಿ ಅರೆದು, ಹಿಂದಿನಿಂದ ಪುಡಿ ಬಿಡುತ್ತವೆ. ಒಂದೊಂದು ದೊಡ್ಡ ಮೀನು ವರ್ಷಕ್ಕೆ ನೂರಾರು ಕಿಲೋ ಬಿಡುತ್ತದಂತೆ. ನಾನು ನನ್ನ ಪಾದ ನೋಡಿಕೊಂಡೆ.

"ಇಷ್ಟು ದುಡ್ಡು ಕೊಟ್ಟು ಮೀನಿನ ಸಗಣಿ ಮೇಲೆ ಓಡಾಡ್ತಿದೀವಾ?"

"ಸಾರಿಸಿದ ಅಂಗಳ ಅಂದ್ಕೊಳ್ಳಿ" ಎಂದಳು ಅವಳು, ಇನ್ನೂ ಹಗುರವಾಗಿ ಹೆಜ್ಜೆ ಹಾಕುತ್ತ.

ಪಕ್ಕದ ರೂಮಿಗೆ ಇಂದೋರಿನ ಹೊಸ ಜೋಡಿ ಬಂದಿತ್ತು. ಹುಡುಗಿ ದಿನಕ್ಕೆ ಐದು ಬಟ್ಟೆ ಬದಲಾಯಿಸುತ್ತಿದ್ದಳು, ಹುಡುಗ ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದ. ಒಂದು ಮಧ್ಯಾಹ್ನ ಅವನು ಫೋನು ಮರಳಿಗೆಸೆದು ನಾನೂ ಸ್ವಲ್ಪ ಈಜಬೇಕು ಅಂದುಬಿಟ್ಟ. ಅವಳು ಮುಖ ಊದಿಸಿಕೊಂಡು ತೆಂಗಿನಮರಕ್ಕೆ ಒರಗಿದಳು. ನನ್ನವಳು ಕೋಡುಬಳೆಯ ಡಬ್ಬಿ ಹಿಡಿದು ಎದ್ದಳು. "ಅವರಿಬ್ಬರ ಮಧ್ಯೆ ನಾವ್ಯಾಕೆ?" ಎಂದೆ. "ಮತ್ತೆ ಇನ್ಯಾರಿದಾರೆ ಇಲ್ಲಿ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಾದರೆ ಅತ್ತೆಯಾದರೂ ಇರುತ್ತಿದ್ದರು, ಇಬ್ಬರೂ ಸೇರಿ ಬೈದುಕೊಳ್ಳಲು.

ಅರ್ಧ ಗಂಟೆಯಲ್ಲಿ ಮರಳಿನ ಮೇಲೆ ಚೌಕಾಬಾರದ ಮನೆ ಬರೆದಾಗಿತ್ತು. ಕವಡೆಗೆ ಅಲ್ಲಿ ಬರವೇ? 14ನೇ ಶತಮಾನದಲ್ಲಿ ಈ ದ್ವೀಪಗಳಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತ, ಇಲ್ಲಿಯ ಕವಡೆ ಬಂಗಾಳಕ್ಕೆ ಹೋಗಿ ಅಲ್ಲಿಂದ ಅಕ್ಕಿ ಬರುವುದನ್ನು ಬರೆದಿಟ್ಟಿದ್ದಾನೆ. ಆಗ ಇದ್ದಿದ್ದರೆ ನಾವು ದಡದಲ್ಲಿ ಬಾಗಿ ಬಾಗಿಯೇ ಖರ್ಚು ತೂಗಿಸಬಹುದಿತ್ತು. ಈಗ ಬಿಲ್ಲು ಡಾಲರಿನಲ್ಲಿ. ಒಂದು ತಲೆಗೆ ಒಂದು ರಾತ್ರಿಗೆ 12 ಡಾಲರ್ ಹಸಿರು ತೆರಿಗೆ, ಜೊತೆಗೆ ಶೇ. 10 ಸೇವಾಶುಲ್ಕ, ಶೇ. 17 ಪ್ರವಾಸೋದ್ಯಮ ಜಿಎಸ್‌ಟಿ. ಕಟ್ಟುವವಳು ಮಗಳಾದ್ದರಿಂದ ನಾನು ಅದನ್ನು ಸಾಹಿತ್ಯವೆಂದು ಓದಿದೆ.

ನಾಲ್ಕು ಕವಡೆ ದಾಳಕ್ಕೆ, ಕಾಯಿಗಳಿಗೆ ಬೇರೆ ಬೇರೆ ಚಿಪ್ಪು. ಆಟ ಬಿರುಸಾಯಿತು. ಹುಡುಗಿಗೆ ಬಾರದ ಮೇಲೆ ಬಾರ ಬಿತ್ತು. ಅವಳು ಕನಿಕರವಿಲ್ಲದೆ ನನ್ನ ಕಾಯಿಗಳನ್ನು ಕಡಿಯುತ್ತ ಬಂದಳು. ಉಳಿದದ್ದೊಂದು ಕಟ್ಟೆಯಲ್ಲಿ ಭದ್ರವಾಗಿತ್ತು. ನಾನು ನೋಡುತ್ತಿದ್ದ ಹಾಗೆ ಅದಕ್ಕೆ ಕೆಂಪು ಕಾಲುಗಳು ಮೂಡಿದವು. ಕಟ್ಟೆ ಬಿಟ್ಟು, ಅಡ್ಡಡ್ಡ ಮೂರು ಮನೆ ದಾಟಿ, ಗೆರೆ ಅಳಿಸುತ್ತ ನೀರಿನತ್ತ ನಡೆದುಬಿಟ್ಟಿತು. ಚಿಪ್ಪಿನೊಳಗೆ ಸನ್ಯಾಸಿ ಏಡಿ ಸಂಸಾರ ಹೂಡಿತ್ತು. ಈಜಿಗೆ ಹೋಗಿದ್ದ ಹುಡುಗ ಹೊಟ್ಟೆ ಹಿಡಿದು ನಗುತ್ತ ಮೇಲೆ ಬಂದ. ಹುಡುಗಿಯೂ ನಕ್ಕಳು. ಇಬ್ಬರಿಗೂ ಈಗ ನಗಲು ನಾನೊಬ್ಬ ಸಿಕ್ಕಿದ್ದೆ.

ಕೊನೆಯ ರಾತ್ರಿ ಮಗಳೇ ಹೇಳಿಟ್ಟಿದ್ದ ಮೇಣದಬತ್ತಿಯ ಊಟ. ಮರಳಿನ ಮೇಲೆ ಒಂದು ಮೇಜು, ಎರಡು ಕುರ್ಚಿ. ತಟ್ಟೆಯಲ್ಲಿ ಬದನೆಯೋ ಅಣಬೆಯೋ ತಿಳಿಯದಷ್ಟು ಮಾತ್ರ ಬೆಳಕು. ಬಡಿಸುವವನಿಗೆ ನನ್ನವಳು ಇನ್ನೆರಡು ಕುರ್ಚಿ ತರಲು ಹೇಳಿದಳು. ಪ್ಯಾಕೇಜು ಇಬ್ಬರದು ಮೇಡಂ ಎಂದು ಅವನು ಪೇಚಾಡಿದ. ಇಂದೋರಿನವರು ತಮ್ಮ ಕುರ್ಚಿಗಳನ್ನು ತಾವೇ ಎಳೆದುಕೊಂಡು ಬಂದರು. ಅಡುಗೆಯವನು ಸಾರಿನ ಪಾತ್ರೆ ಹಿಡಿದು ಬಂದವನು, ಗಂಡಿನ ಕಡೆಯವರು ದಿನ ಹೇಳಿದರು ಎಂದು ಸುದ್ದಿಯನ್ನೂ ಬಡಿಸಿದ. ಬಕ ಕೂಡ ಅಡುಗೆಮನೆಯ ಹಿತ್ತಲಲ್ಲಿ ಮೀನು ಸಿಗುವ ಹೊತ್ತಾದರೂ ಅಲ್ಲೇ ಸುತ್ತಾಡುತ್ತಿತ್ತು.

ಅಷ್ಟರಲ್ಲಿ ಮಗಳ ಫೋನು. ನನ್ನವಳು ಎದ್ದು ಹೋಗಿ ಮಾತಿಗೆ ನಿಂತಳು. ಕುಂದಾಪುರದ ತಂಗಿಯ ಮದುವೆ, ಮುದುಕನ ಮಂಡಿಗೆ ಕೊಟ್ಟ ಎಣ್ಣೆ, ಇಂದೋರಿನ ಹುಡುಗಿ ಹೇಗೆ ಪಳಗಿದಳು, ಬಕನ ಹೆಂಡತಿ ಇನ್ನೂ ಬಾರದ ವಿಷಯ, ಎಲ್ಲ ಆಯಿತು. ಮಗಳು ಏನೋ ಕೇಳಿರಬೇಕು. ನನ್ನವಳು ಒಂದು ಕ್ಷಣ ತಡೆದು, ಕತ್ತಲಲ್ಲಿ ಅತ್ತಿತ್ತ ನೋಡಿ ಹೇಳಿದಳು:

"ನಿಮ್ಮಪ್ಪನಾ? ಇಲ್ಲೇ ಎಲ್ಲೋ ಇದ್ರಪ್ಪ."